ಕಬ್ಬಿನ ದ್ವೀಪದ ಸ್ವೆಟರ್
(ಗದಗ-ಬೆಟಗೇರಿಯಲ್ಲಿ ನೇಕಾರರ ಮುಂದೆ ಆಡಿದ ಮಾತು)

ಎಲ್ಲರಿಗೂ ನಮಸ್ಕಾರ. ಹೊರಗೆ ಇನ್ನೂ ಮಗ್ಗದ ಸದ್ದು ಕೇಳಿಸುತ್ತಿದೆ. ಕೆಲಸ ಬಿಟ್ಟು ಬಂದಿದ್ದೀರಿ, ಮಾತು ಉದ್ದ ಮಾಡುವುದಿಲ್ಲ.

ಬಟ್ಟೆ ಕಾರ್ಖಾನೆ ಕಟ್ಟಿ ಬೆಳೆದ ಒಂದು ದ್ವೀಪದ ಕಥೆ ಹೇಳುತ್ತೇನೆ, ಹಿಂದೂ ಮಹಾಸಾಗರದ ಮಾರಿಷಸ್. ಅದು ಎಷ್ಟು ದೊಡ್ಡದು ಗೊತ್ತಾ? ನಮ್ಮ ಜಿಲ್ಲೆಯ ಅರ್ಧವೂ ಇಲ್ಲ. ಗದಗ ಜಿಲ್ಲೆ ಸುಮಾರು 4,650 ಚದರ ಕಿಲೋಮೀಟರ್, ಆ ದೇಶ ಬರೀ 2,040. ಜನ ಮಾತ್ರ ನಮಗಿಂತ ತುಸು ಜಾಸ್ತಿ, ಹನ್ನೆರಡೂವರೆ ಲಕ್ಷದಷ್ಟು. 1968ರಲ್ಲಿ ಸ್ವಾತಂತ್ರ್ಯ ಬಂದಾಗ ಅವರಿಗೆ ಕಬ್ಬು ಬಿಟ್ಟರೆ ಬೇರೆ ಗತಿ ಇರಲಿಲ್ಲ. ರಫ್ತಿನಲ್ಲಿ ಹತ್ತಕ್ಕೆ ಒಂಬತ್ತು ಪಾಲು ಸಕ್ಕರೆ. ಒಂದು ಚಂಡಮಾರುತ ಬೀಸಿದರೆ ಆ ವರ್ಷದ ಗಳಿಕೆ ಹೋಯಿತು. ಮುಂದೆ ನೊಬೆಲ್ ಪಡೆದ ಅರ್ಥಶಾಸ್ತ್ರಜ್ಞ ಜೇಮ್ಸ್ ಮೀಡ್ 1961ರಲ್ಲೇ ಈ ದೇಶದ ಗತಿ ಕಂಡು ಬಹಳ ಆತಂಕಪಟ್ಟಿದ್ದರು.

1970ರಲ್ಲಿ ಸರ್ಕಾರ ಒಂದು ಕಾಯ್ದೆ ತಂದಿತು. ಹೊರದೇಶಕ್ಕೆ ಮಾರುವ ಸರಕು ಮಾಡುವವರು ಯಂತ್ರ, ಕಚ್ಚಾಮಾಲು ತರಿಸಿದರೆ ಸುಂಕವಿಲ್ಲ. ಕೆಲವು ವರ್ಷ ತೆರಿಗೆಯೂ ಇಲ್ಲ. ನನಗೆ ಹಿಡಿಸಿದ್ದು ಇನ್ನೊಂದು. ಬೇಲಿ ಹಾಕಿದ ಜಾಗಕ್ಕೇ ಬನ್ನಿ ಎನ್ನಲಿಲ್ಲ. ದ್ವೀಪದಲ್ಲಿ ಎಲ್ಲಿ ಕಾರ್ಖಾನೆ ಹಾಕಿದರೂ ಸವಲತ್ತು ಸಿಗುತ್ತಿತ್ತು. ಹಾಗಾಗಿ ಹೆಣ್ಣುಮಕ್ಕಳು ಊರು ಬಿಡದೆ ದುಡಿಯುವಂತಾಯಿತು.

ದುಡ್ಡು? ಕಬ್ಬಿನದೇ. 1975ರಿಂದ ಯುರೋಪ್ ವರ್ಷಕ್ಕೆ ಸುಮಾರು 5 ಲಕ್ಷ ಟನ್ ಸಕ್ಕರೆಯನ್ನು ನಿಗದಿ ಬೆಲೆಗೆ ಕೊಳ್ಳುತ್ತಿತ್ತು. ಆ ಲಾಭದಲ್ಲಿ ಒಂದು ಪಾಲು ಬಟ್ಟೆ ಕಾರ್ಖಾನೆಗೆ ಹರಿಯಿತು. ಹಾಂಗ್‌ಕಾಂಗ್‌ನವರೂ ಬಂದರು. ಹೊರಗಿನಿಂದ ಉಣ್ಣೆ ತರಿಸಿ ಸ್ವೆಟರ್ ಹೆಣೆದು ಯುರೋಪಿಗೆ ಮಾರಿದರು. ನಮ್ಮಲ್ಲಿ ಕುರಿ ಇದೆ, ಹತ್ತಿ ಇದೆ, ನೇಯುವ ಕೈ ಇದೆ, ಅಲ್ವಾ?

ನಮ್ಮಣ್ಣ ಎಂಟು ಪವರ್‌ಲೂಮ್ ಹಾಕಲು ಹೊರಟಿದ್ದ. ಸಬ್ಸಿಡಿ ಇದೆ ಅಂದರು, ನಂಬಿ ಸಾಲ ಮಾಡಿದ. ಶೆಡ್ಡಿನ ಗೋಡೆ ಏಳುವಷ್ಟರಲ್ಲಿ ನಿಯಮ ಬದಲಾಗಿತ್ತು. ಬಿಳಿ ದಾರ ಕಟ್ಟಿದ ಆ ಫೈಲು ಈಗಲೂ ನಮ್ಮ ಅಟ್ಟದ ಮೇಲಿದೆ. ಮೇಲಿನ ಹಾಳೆಯಲ್ಲಿ ಮೂರು ಸೀಲು ಬಿದ್ದಿವೆ. ಮಂಜೂರಾತಿಯ ಸಹಿ ಜಾಗ ಮಾತ್ರ ಖಾಲಿ.

ಅದಕ್ಕೇ 1982ರ ಮಾತು ಹೇಳಬೇಕು. ಆ ವರ್ಷದ ಚುನಾವಣೆಯಲ್ಲಿ ಮಾರಿಷಸ್‌ನ ಮುಖ್ಯ ದ್ವೀಪದ 60ಕ್ಕೆ 60 ಸ್ಥಾನವನ್ನೂ ವಿರೋಧ ಕೂಟ ಗೆದ್ದಿತು. ಕಾರ್ಮಿಕ ಹೋರಾಟದಿಂದ ಬಂದ ಎಡಪಂಥದವರು. ಹಳೆಯ ಸರ್ಕಾರದ ಕಾಯ್ದೆಯನ್ನು ಕಿತ್ತೆಸೆಯುತ್ತಾರೆ ಅಂತ ಯಾರಾದರೂ ಎಣಿಸುವಂಥದ್ದೇ. ಎಸೆಯಲಿಲ್ಲ. ನಂತರದ ನಾಲ್ಕೈದು ವರ್ಷದಲ್ಲೇ ಕಾರ್ಖಾನೆಗಳು ಭರಭರನೆ ಹೆಚ್ಚಿದ್ದು. ಬಂಡವಾಳ ಹಾಕುವವನಿಗೆ ರಿಯಾಯಿತಿ ಎಷ್ಟು ಅನ್ನುವುದಕ್ಕಿಂತ ಅದು ನಾಳೆಯೂ ಇರುತ್ತದಾ ಅನ್ನುವುದೇ ಮುಖ್ಯ. ಅಣ್ಣನ ಫೈಲು ನೋಡಿದಾಗಲೆಲ್ಲ ನನಗೆ ಹಾಗೇ ಅನ್ನಿಸುತ್ತದೆ.

ನೋವಿನ ಭಾಗವನ್ನೂ ಮುಚ್ಚಿಡಬಾರದು. ಅಲ್ಲಿ ಮೊದಮೊದಲು ಹೆಂಗಸರ ಕನಿಷ್ಠ ಪಗಾರ ಗಂಡಸರಿಗಿಂತ ಕಡಿಮೆ ಇತ್ತು. ಕಾರ್ಖಾನೆಗಳು ಅವರನ್ನೇ ಹುಡುಕಿ ತೆಗೆದುಕೊಂಡವು. ಯಾವ ದೇಶ ಎಷ್ಟು ಬಟ್ಟೆ ಮಾರಬಹುದು ಎಂದು ಮಿತಿ ಹಾಕಿದ್ದ ಜಾಗತಿಕ ಜವಳಿ ಕೋಟಾ 2005ರ ಆರಂಭದಲ್ಲಿ ರದ್ದಾಯಿತು, ಪೈಪೋಟಿ ಹೆಚ್ಚಿತು. ಎಷ್ಟೋ ಕಾರ್ಖಾನೆ ಮುಚ್ಚಿದವು. ಮನೆಗೆ ಮರಳಿದವರಲ್ಲಿ ಹೆಂಗಸರೇ ಜಾಸ್ತಿ.

ಮುಂದೆ ಯಾವ ಯೋಜನೆ ನಮ್ಮೂರಿಗೆ ಬಂದರೂ ಎರಡು ಕೇಳೋಣ. ಈ ನಿಯಮ ಎಷ್ಟು ವರ್ಷ ಇರುತ್ತದೆ, ಬರೆದು ಕೊಡಿ. ಕಂಡಿಕೆಗೆ ನೂಲು ಸುತ್ತುವ ಅಕ್ಕನಿಗೆ ಪಗಾರ ಎಷ್ಟು, ಅದನ್ನೂ ಬರೆದು ಕೊಡಿ.

ನಮ್ಮಣ್ಣ ಎರಡನೇ ಸಾಲಿನಲ್ಲಿ ಕೂತಿದ್ದಾನೆ. ಮೊದಲ ಪ್ರಶ್ನೆ ಅವನೇ ಕೇಳಲಿ.