ಬತ್ತಿ ಇರುವ ಕೊಳವೆ

ಎಲ್ಲರಿಗೂ ನಮಸ್ಕಾರ. ಇಡ್ಲಿ ಪಾತ್ರೆಯ ಮುಚ್ಚಳ ತೆಗೆಯುವಾಗ ಕೈ ಸುಟ್ಟುಕೊಳ್ಳದವರು ಇಲ್ಲಿ ಯಾರಾದರೂ ಇದ್ದೀರಾ? ಕುದಿಯುವ ನೀರು ಸಿಡಿದರೂ ಉರಿಯುತ್ತದೆ. ಹಬೆ ತಾಗಿದರೆ ಇನ್ನೂ ಜಾಸ್ತಿ. ಎರಡೂ 100 ಡಿಗ್ರಿಯೇ, ಅಲ್ವಾ? ಒಂದು ಗ್ರಾಂ ನೀರನ್ನು ಒಂದು ಡಿಗ್ರಿ ಬಿಸಿ ಮಾಡಲು ಒಂದು ಕ್ಯಾಲರಿ ಸಾಕು. ಕುದಿಯುತ್ತಿರುವ ಅದೇ ನೀರು ಹಬೆಯಾಗಲು ಸುಮಾರು 540 ಕ್ಯಾಲರಿ ಬೇಕು. ಆ ಬಿಸಿಯನ್ನೆಲ್ಲ ಹಬೆ ಗಂಟು ಕಟ್ಟಿಕೊಂಡು ಬಂದು, ನಿಮ್ಮ ಕೈ ಮೇಲೆ ಮತ್ತೆ ನೀರಾಗುವಾಗ ಇಳಿಸುತ್ತದೆ.

ಬಿಸಿಯನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಾಗಿಸುವ ಹೀಟ್ ಪೈಪ್ ಮಾಡುವುದೂ ಇದನ್ನೇ. ಎರಡೂ ತುದಿ ಮುಚ್ಚಿದ ತಾಮ್ರದ ಕೊಳವೆ. ಒಳಗಿನ ಗಾಳಿ ತೆಗೆದು ಚೂರೇ ಚೂರು ನೀರು ಹಾಕಿರುತ್ತಾರೆ. ಗಾಳಿಯ ಒತ್ತಡ ಇಲ್ಲದ್ದರಿಂದ ನೀರು ಸ್ವಲ್ಪ ಬೆಚ್ಚಗಾದರೂ ಆವಿಯಾಗಿ ತಣ್ಣಗಿನ ತುದಿಗೆ ಓಡುತ್ತದೆ. ಅಲ್ಲಿ ನೀರಾದದ್ದನ್ನು ವಾಪಸ್ ತರುವುದು ಬತ್ತಿ. ದೀಪದ ಬತ್ತಿ ಎಣ್ಣೆ ಎಳೆಯುತ್ತದಲ್ಲ, ಹಾಗೆ. ಇಲ್ಲಿ ಹತ್ತಿಯ ಬದಲು ಒಳಗೋಡೆಗೆ ಕಚ್ಚಿಕೊಂಡ ತಾಮ್ರದ ಪುಡಿ. ಕೆಟ್ಟ ಲ್ಯಾಪ್‌ಟಾಪ್‌ನ ಒಳಗಿದ್ದ ಇಂಥದ್ದೊಂದನ್ನು ನಾನು ಸುಮ್ನೆ ಕೊಯ್ದು ನೋಡಿದ್ದೆ. ನೀರು ಸುರಿಯುತ್ತದೆ ಅಂದುಕೊಂಡರೆ, ಬೆರಳು ತೇವವಾದದ್ದೇ ಹೆಚ್ಚು!

1942ರಲ್ಲೇ ಜನರಲ್ ಮೋಟಾರ್ಸ್‌ನ ರಿಚರ್ಡ್ ಗಾಗ್ಲರ್ ಇದಕ್ಕೆ ಪೇಟೆಂಟ್ ಕೇಳಿದ್ದರು. ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. 1963ರಲ್ಲಿ ಅಮೆರಿಕದ ಲಾಸ್ ಅಲಮೋಸ್ ಪ್ರಯೋಗಾಲಯದ ಜಾರ್ಜ್ ಗ್ರೋವರ್ ತಾವೇ ಇದನ್ನು ಮತ್ತೆ ಕಂಡುಹಿಡಿದು ಹೆಸರಿಟ್ಟರು.

ನನಗೆ ತುಂಬಾ ಇಷ್ಟವಾದ ಕಥೆ ಅಲಾಸ್ಕಾದ್ದು. ಅಲ್ಲಿ 1977ರಲ್ಲಿ ಮುಗಿದ ಎಣ್ಣೆ ಪೈಪ್‌ಲೈನ್ ಸುಮಾರು 1,290 ಕಿಲೋಮೀಟರ್ ಉದ್ದ. ಎಣ್ಣೆ ಬಿಸಿ, ಕೆಳಗಿನ ನೆಲ ವರ್ಷವಿಡೀ ಹೆಪ್ಪುಗಟ್ಟಿದ್ದು. ಅದು ಕರಗಿದರೆ ಪೈಪ್‌ಲೈನ್ ಹೊತ್ತ ಕಂಬಗಳು ಕೆಸರಲ್ಲಿ ಕುಸಿಯುತ್ತವೆ. ಅದಕ್ಕೇ ಕಂಬಗಳೊಳಗೆ ಅಮೋನಿಯಾ ತುಂಬಿದ 1,20,000ಕ್ಕೂ ಹೆಚ್ಚು ಹೀಟ್ ಪೈಪ್ ಇಳಿಸಿದರು. ಚಳಿಗಾಲದಲ್ಲಿ ನೆಲಕ್ಕಿಂತ ಗಾಳಿ ತಣ್ಣಗೆ. ಅಮೋನಿಯಾ ಕೆಳಗೆ ಆವಿಯಾಗಿ ಮೇಲೇರಿ, ನೆಲದ ಬಿಸಿಯನ್ನು ಗಾಳಿಗೆ ಬಿಟ್ಟು, ಹನಿಯಾಗಿ ಜಾರಿ ಬರುತ್ತದೆ. ಬೇಸಿಗೆಯಲ್ಲಿ ಮೇಲ್ತುದಿಯೇ ಬಿಸಿ, ಹಾಗಾಗಿ ಆಟ ತಾನಾಗಿಯೇ ನಿಲ್ಲುತ್ತದೆ. ಸ್ವಿಚ್ಚಿಲ್ಲ, ಪಂಪಿಲ್ಲ, ಕರೆಂಟಿಲ್ಲ. ಹಾಗಂತ ತೊಂದರೆಯೇ ಇಲ್ಲ ಅಂತಲ್ಲ. ಮುಂದೆ ಕೆಲವು ಪೈಪ್‌ಗಳ ತುದಿಯಲ್ಲಿ ಹೈಡ್ರೋಜನ್ ಸೇರಿಕೊಂಡು ಆವಿಗೆ ಜಾಗವೇ ಇಲ್ಲದಂತಾಯಿತು.

ಈಗ ನನ್ನ ಕಸುಬಿಗೆ ಬರುತ್ತೇನೆ. ಮಂಗಳೂರಿನಂಥ ಸೆಕೆಯ ಊರಲ್ಲಿ ಎಸಿಗೆ ತಂಪು ಮಾಡುವುದಕ್ಕಿಂತ ತೇವ ಹಿಂಡುವುದೇ ಕಷ್ಟ. ತೇವ ಇಳಿಯಬೇಕಾದರೆ ಗಾಳಿಯನ್ನು ಬೇಕಾದ್ದಕ್ಕಿಂತ ಜಾಸ್ತಿ ತಣ್ಣಗೆ ಮಾಡಬೇಕು. ಆಪರೇಷನ್ ಥಿಯೇಟರಿನಂಥ ಕಡೆ ಆಮೇಲೆ ಅದನ್ನೇ ಹೀಟರಿನಿಂದ ಬಿಸಿ ಮಾಡುತ್ತಾರೆ. ಒಂದೇ ಗಾಳಿಗೆ ಎರಡು ಸಲ ಬಿಲ್! ಗಾಳಿಯನ್ನು ತಣ್ಣಗೆ ಮಾಡುವ ಕೂಲಿಂಗ್ ಕಾಯಿಲ್ ಸುತ್ತ ಹೀಟ್ ಪೈಪ್ ಹಾಯಿಸಿದರೆ, ಒಳಬರುವ ಗಾಳಿಯ ಬಿಸಿಯನ್ನು ಹೀರಿ ಆಚೆ ಕಡೆ ಅದೇ ಗಾಳಿಗೆ ವಾಪಸ್ ಕೊಡುತ್ತದೆ. ಕಾಯಿಲ್‌ಗೂ ಕೆಲಸ ಕಡಿಮೆ, ಹೀಟರಿಗೂ ಕಡಿಮೆ.

ಒಂದು ಕಟ್ಟಡದಲ್ಲಿ ಇದು ಕೆಲಸವೇ ಮಾಡುತ್ತಿಲ್ಲ ಅಂತ ಕರೆದರು. ಬತ್ತಿ ಇಲ್ಲದ ಬಗೆ ಅದು, ದ್ರವ ಇಳಿಜಾರಲ್ಲೇ ವಾಪಸ್ ಬರಬೇಕು. ಹೋಗಿ ನೋಡಿದರೆ ಬಿಸಿ ತುದಿಯೇ ಮೇಲಕ್ಕಿದೆ. ಅದನ್ನು ಇಳಿಸಿ, ತಣ್ಣಗಿನ ತುದಿಯ ಕೆಳಗೆ ಒಂದು ಮರದ ತುಂಡು ಕೊಟ್ಟೆವು. ಚಹಾ ಕುಡಿದು ಬರುವಷ್ಟರಲ್ಲಿ ಆಚೆ ತುದಿ ಬೆಚ್ಚಗಾಗಿತ್ತು.