ಟ್ಯಾಂಕಿನಿಂದ ಎಂಜಿನ್‌ವರೆಗೆ ಒಂದು ಗೇಣು ಪೈಪು

ಕೇಳುಗರೆಲ್ಲರಿಗೂ ನಮಸ್ಕಾರ. ಮಾಗಡಿ ಕಡೆ ರಾಗಿ ಕೊಯ್ದು ಖಾಲಿ ಬಿದ್ದಿದ್ದ ಒಂದು ಹೊಲ. ಭಾನುವಾರ ಬೆಳಗ್ಗೆ. ನನ್ನ 20 ಸಿಸಿ ಪೆಟ್ರೋಲ್ ಎಂಜಿನ್ನಿನ ಮಾಡೆಲ್ ವಿಮಾನ ಚೆನ್ನಾಗಿಯೇ ಮೇಲೆದ್ದಿತು. ಎರಡು ಸುತ್ತು ಹೊಡೆದ ಮೇಲೆ ಮೂತಿ ಎತ್ತಿದೆ ನೋಡಿ, ಎಂಜಿನ್ ಕೆಮ್ಮಿತು. ಮೂತಿ ಇಳಿಸಿದೆ, ಮತ್ತೆ ಹಿಡಿದುಕೊಂಡಿತು. ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬುರೇಟರ್ ಕೈಕೊಟ್ಟಿದೆ ಅಂತ ನಾನು ಮೂರು ಭಾನುವಾರ ಅದರ ನೀಡಲ್, ಅಂದರೆ ಪೆಟ್ರೋಲ್ ಹೆಚ್ಚು ಕಡಿಮೆ ಮಾಡುವ ತಿರುಪು, ತಿರುಗಿಸಿದ್ದೇ ತಿರುಗಿಸಿದ್ದು, ಒಳಗಿನ ತೆಳು ಪೊರೆಯ, ಡಯಾಫ್ರಮ್ಮಿನ, ಕಿಟ್ಟನ್ನೂ ಬದಲಾಯಿಸಿದೆ. ಕೊನೆಗೆ ಟ್ಯಾಂಕ್ ಬಿಚ್ಚಿದರೆ, ಒಳಗಿನ ಪೈಪು ಊದಿಕೊಂಡು ಹಿತ್ತಾಳೆ ನಳಿಕೆಯಿಂದ ಜಾರಿ ತಳದಲ್ಲಿ ಬಿದ್ದಿದೆ! ಟ್ಯಾಂಕ್ ತುಂಬಿದ್ದಾಗ ಸರಿ. ಸ್ವಲ್ಪ ಖಾಲಿಯಾಗಿ ಮೂತಿ ಎತ್ತಿದಾಗ ಪೆಟ್ರೋಲೆಲ್ಲ ಹಿಂದಕ್ಕೆ ಓಡುತ್ತದೆ, ಮುಂದಿರುವ ನಳಿಕೆ ಬರೀ ಗಾಳಿ ಹೀರುತ್ತದೆ.

ತಪ್ಪು ನನ್ನದೇ. ಹಾಕಿದ್ದು ಸಿಲಿಕೋನ್ ಪೈಪು. ಮೆಥನಾಲ್‌ನಲ್ಲಿ ಓಡುವ ಗ್ಲೋ ಎಂಜಿನ್‌ಗೆ ಅದೇ ಸರಿ. ಪೆಟ್ರೋಲ್ ತಾಗಿದರೆ ಮಾತ್ರ ಅದು ನೆನೆಸಿದ ಕಡಲೆಯ ಹಾಗೆ ಊದಿ ಮೆತ್ತಗಾಗುತ್ತದೆ. ಗ್ಲೋ ಟ್ಯಾಂಕಿನ ಬಾಯಿಗೆ ಬರುವ ರಬ್ಬರ್ ಬಿರಡೆಯ ಕಥೆಯೂ ಸಾಮಾನ್ಯವಾಗಿ ಇಷ್ಟೇ. ಪೆಟ್ರೋಲಿಗೆಂದೇ ಮಾಡಿದ ಬಿರಡೆ ಬೇರೆ ಸಿಗುತ್ತದೆ, ಕೇಳಿ ತನ್ನಿ. ಪೈಪಿಗೆ ಪೆಟ್ರೋಲ್ ತಾಳುವ ಹಳದಿ ಟೈಗಾನ್ ಪ್ಲಾಸ್ಟಿಕ್ ಅಥವಾ ವೈಟಾನ್ ರಬ್ಬರ್. ಟೈಗಾನ್ ಊದುವುದಿಲ್ಲ, ಆದರೆ ಟ್ಯಾಂಕಿನೊಳಗೆ ಕೂತು ಕೂತು ಗಟ್ಟಿಯಾಗುತ್ತದೆ. ವರ್ಷಕ್ಕೊಮ್ಮೆ ತೆಗೆದು ಬಗ್ಗಿಸಿ ನೋಡಿ. ಕಡ್ಡಿಯ ಹಾಗೆ ಸೆಟೆದಿದ್ದರೆ ಎಸೆಯಿರಿ, ಜಿಪುಣತನ ಬೇಡ.

ರೇಡಿಯೋದಲ್ಲಿ ತೋರಿಸಲಿಕ್ಕೆ ಆಗುವುದಿಲ್ಲ, ಅಲ್ವಾ? ಹಾಗಾಗಿ ಅರ್ಧ ಲೀಟರ್ ನೀರಿನ ಬಾಟಲಿಯೊಂದನ್ನು ಕೈಯಲ್ಲಿ ಅಡ್ಡ ಹಿಡಿದುಕೊಳ್ಳಿ. ಮುಚ್ಚಳ ಇರುವ ಕಡೆ ಎಂಜಿನ್. ಮುಚ್ಚಳದ ಮೂಲಕ ಮೂರು ನಳಿಕೆ ಒಳಗೆ ಹೋಗುತ್ತವೆ. ಒಂದು ಕಾರ್ಬುರೇಟರಿಗೆ. ಅದರ ಒಳತುದಿಗೆ ಮೆತ್ತನೆ ಪೈಪು, ಪೈಪಿನ ಕೊನೆಗೆ ಭಾರದ ಒಂದು ಗುಂಡು. ಇದಕ್ಕೆ ಕ್ಲಂಕ್ ಅಂತಾರೆ. ವಿಮಾನ ಮಗುಚಿದರೂ ಪೆಟ್ರೋಲ್ ಎಲ್ಲಿ ಹೋಗುತ್ತದೋ ಗುಂಡೂ ಅಲ್ಲಿಗೇ ಬೀಳಬೇಕು. ಮುಚ್ಚಳದ ಎದುರು ಬದಿಯ ಗೋಡೆಗೆ ಅದು ತಾಗಬಾರದು, ಒಂದು ಸೆಂಟಿಮೀಟರ್‌ನಷ್ಟು ಜಾಗ ಬಿಡಿ. ತಾಗಿದರೆ ಸಿಕ್ಕಿಕೊಳ್ಳುತ್ತದೆ. ಪೈಪು ತೀರಾ ಮೆತ್ತಗಿದ್ದರೆ, ವಿಮಾನ ಜೋರಾಗಿ ಇಳಿದಾಗ ಗುಂಡು ಮುಂದಕ್ಕೆ ಮಡಚಿಕೊಂಡು ಅಲ್ಲೇ ಕೂತುಬಿಡುವುದೂ ಉಂಟು. ಎರಡನೆಯದು ತುಂಬಿಸುವ ನಳಿಕೆ, ಅದರ ಬಗ್ಗೆ ಹೇಳುವುದು ಜಾಸ್ತಿ ಇಲ್ಲ. ತುಂಬಿಸಿದ ಮೇಲೆ ಬಿರಡೆ ಹಾಕಿ, ಅಷ್ಟೇ.

ಮೂರನೆಯದು ಗಾಳಿಯದು, ವೆಂಟ್. ಎಲ್ಲರೂ ಅಸಡ್ಡೆ ಮಾಡುವುದು ಇದನ್ನೇ. ಒಳಗೆ ಅದು ಬಾಟಲಿಯ ಮೇಲ್ಭಾಗಕ್ಕೆ ಮುಟ್ಟುವ ಹಾಗೆ ಬಾಗಿರಬೇಕು. ಹೊರಗೆ ಟ್ಯಾಂಕಿನ ಮೇಲಿಂದ ಒಂದು ಸುತ್ತು ಬಂದು ವಿಮಾನದ ಹೊಟ್ಟೆಯ ಕೆಳಗೆ ತೆರೆದುಕೊಳ್ಳಬೇಕು. ಇದು ಕಟ್ಟಿಕೊಂಡರೆ, ಪೆಟ್ರೋಲ್ ಹೊರಗೆ ಹೋದಷ್ಟೂ ಗಾಳಿ ಒಳಗೆ ಬರುವುದಿಲ್ಲ. ಎಂಜಿನ್ ಎಳೆಯುತ್ತದೆ, ಎಳೆಯುತ್ತದೆ, ಆಮೇಲೆ ಉಸಿರು ಕಟ್ಟಿ ನಿಲ್ಲುತ್ತದೆ. ನಮ್ಮ ಹುಡುಗನೊಬ್ಬ ನೆಲದ ಮೇಲೆ ಪೆಟ್ರೋಲ್ ತೊಟ್ಟಿಕ್ಕುತ್ತೆ ಅಂತ ವೆಂಟಿಗೂ ಬಿರಡೆ ಹಾಕಿ ಹಾರಿಸಿದ್ದ!

ಗ್ಲೋ ಎಂಜಿನ್ ಓಡಿಸಿ ಬಂದವರಿಗೆ ಇನ್ನೊಂದು ಮಾತು. ಸೈಲೆನ್ಸರಿನಿಂದ ಟ್ಯಾಂಕಿಗೆ ಒತ್ತಡದ ಪೈಪು ಕೊಡುವ ಚಾಳಿ ಬಿಡಿ. ನಮ್ಮ ಎಂಜಿನ್‌ಗಳಿಗೆ ಬರುವ ವಾಲ್‌ಬ್ರೋ ಮಾದರಿಯ ಕಾರ್ಬುರೇಟರಿನಲ್ಲೇ ಪಂಪಿದೆ. ಮಲೆನಾಡಿನ ತೋಟಗಳಲ್ಲಿ ಸದ್ದು ಮಾಡುವ ಕಳೆ ಕತ್ತರಿಸುವ ಮೆಷಿನ್ನಿನಲ್ಲಿ ಇರುವಂಥದ್ದೇ. ಪಿಸ್ಟನ್ ಮೇಲೆ ಕೆಳಗೆ ಹೋದಂತೆ ಅದರ ಕೆಳಗಿನ ಗೂಡಿನ, ಅಂದರೆ ಕ್ರ್ಯಾಂಕ್‌ಕೇಸಿನ ಒತ್ತಡ ಏರಿಳಿಯುತ್ತದೆ, ಆ ಬಡಿತಕ್ಕೆ ತೆಳುವಾದ ಡಯಾಫ್ರಮ್ ಕುಣಿದು ಪೆಟ್ರೋಲ್ ಎಳೆದುಕೊಳ್ಳುತ್ತದೆ. ಹಾಗಾಗಿ ಟ್ಯಾಂಕ್ ಎಂಜಿನ್ನಿನ ಬೆನ್ನಿಗೇ ಅಂಟಿರಬೇಕಿಲ್ಲ. ನಾನು ರೆಕ್ಕೆಯ ಹತ್ತಿರ, ವಿಮಾನ ತೂಗಿ ನಿಲ್ಲುವ ಜಾಗದಲ್ಲೇ ಇಡುತ್ತೇನೆ. 300 ಮಿಲಿಲೀಟರ್ ಪೆಟ್ರೋಲ್ ಅಂದರೆ ಕಾಲು ಕೆಜಿಗೆ ಸ್ವಲ್ಪ ಕಡಿಮೆ, ಅಷ್ಟು ಭಾರ ಮೂತಿಯಲ್ಲಿದ್ದು ಹತ್ತು ನಿಮಿಷದಲ್ಲಿ ಕರಗಿದರೆ ವಿಮಾನದ ನಡೆಯೇ ಬದಲಾಗುತ್ತದೆ. ಸುತ್ತ ಸ್ಪಂಜು ತುರುಕಿ. ಅದುರಿದರೆ ಒಳಗೆ ನೊರೆ ಏಳುತ್ತದೆ.

ಸೋರಿಕೆ ನೋಡಲು ಪಂಕ್ಚರ್ ಅಂಗಡಿಯ ವಿದ್ಯೆ ಸಾಕು. ಖಾಲಿ ಟ್ಯಾಂಕು, ಎರಡು ನಳಿಕೆಗೆ ಬಿರಡೆ, ಮೂರನೆಯದಕ್ಕೆ ಸಿರಿಂಜಿನಿಂದ ಗಾಳಿ, ಬಕೆಟ್ ನೀರಿನಲ್ಲಿ ಮುಳುಗಿಸಿ. ಗುಳ್ಳೆ ಎದ್ದ ಕಡೆ ತೂತು. ಹಿತ್ತಾಳೆ ನಳಿಕೆಯ ತುದಿಗೆ ತಂತಿ ಸುತ್ತಿ ಬೆಸುಗೆ ಹಾಕಿ ಒಂದು ಗಂಟು ಮಾಡಿ, ಅದರ ಮೇಲೆ ಪೈಪು ಏರಿಸಿ ಜಿಪ್ ಟೈ ಬಿಗಿದರೆ ಜಾರುವ ಮಾತೇ ಇಲ್ಲ. ಟ್ಯಾಂಕಿನ ಒಳಗಿನ ತುದಿಗಳಿಗೂ ಹೀಗೇ ಮಾಡಿ. ನಾನು ಸೋಮಾರಿತನ ಮಾಡಿದ್ದು ಅಲ್ಲೇ.

ಹಳೆಯ ಟೂ-ಸ್ಟ್ರೋಕ್ ಯೆಜ್ಡಿ ಓಡಿಸಿದವರಿಗೆ ಪೆಟ್ರೋಲಿಗೆ ಆಯಿಲ್ ಬೆರೆಸುವುದನ್ನು ಹೇಳಿಕೊಡಬೇಕಿಲ್ಲ. 32ಕ್ಕೆ 1 ಅಂದರೆ ಲೀಟರಿಗೆ 31 ಮಿಲಿಲೀಟರ್, 40ಕ್ಕೆ 1 ಅಂದರೆ 25. ಎಂಜಿನ್ ಜೊತೆ ಬಂದ ಪುಸ್ತಕ ಹೇಳಿದಷ್ಟೇ ಹಾಕಿ. ಆದರೆ ಈಗ ಬಂಕಿನಲ್ಲಿ ಸಿಗುವುದು ಶೇಕಡಾ 20 ಎಥನಾಲ್ ಬೆರೆತ ಪೆಟ್ರೋಲು. ಎಥನಾಲ್ ನೀರು ಎಳೆದುಕೊಳ್ಳುತ್ತದೆ. ನೀರು ಜಾಸ್ತಿಯಾದರೆ ಎರಡೂ ಸೇರಿ ತಳಕ್ಕೆ ಇಳಿಯುತ್ತವೆ, ಆಯಿಲ್ ಮೇಲೆ ಪೆಟ್ರೋಲಿನ ಜೊತೆ ಉಳಿಯುತ್ತದೆ. ನಮ್ಮ ಕ್ಲಂಕ್ ಇರುವುದು ತಳದಲ್ಲಿ, ಆಯಿಲ್ ಇಲ್ಲದ್ದನ್ನೇ ಹೀರುತ್ತದೆ! ಅದಕ್ಕೇ ಒಂದು ವಾರಕ್ಕೆ ಬೇಕಾದಷ್ಟೇ ಬೆರೆಸಿ, ಗಟ್ಟಿ ಮುಚ್ಚಳದ ಲೋಹದ ಕ್ಯಾನಿನಲ್ಲಿ ಮನೆಯ ಹೊರಗಿಡುತ್ತೇನೆ. ತುಂಬಿಸುವಾಗ ಸೋಸಿ ತುಂಬಿಸುತ್ತೇನೆ. ಹಾರಿಸಿ ಮುಗಿದ ಮೇಲೆ ಟ್ಯಾಂಕ್ ಬಸಿದುಬಿಡುತ್ತೇನೆ.

ಇಷ್ಟೆಲ್ಲ ಆದ ಮೇಲೆ ನೀಡಲ್ ಮುಟ್ಟಿ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿದೆ. ಇಲ್ಲಿ ಗಾಳಿ ತೆಳು, ಅದಕ್ಕೆ ತಕ್ಕಂತೆ ಪೆಟ್ರೋಲೂ ಕಡಿಮೆ ಸಾಕು. ಇಲ್ಲಿ ಹದ ಮಾಡಿದ ಎಂಜಿನ್ನನ್ನು ಮಂಗಳೂರಿಗೆ ಒಯ್ದು ಹಾಗೇ ಹಾರಿಸಿದರೆ ಪೆಟ್ರೋಲ್ ಸಾಲದೆ ಕಾದು ಕೂರುತ್ತದೆ. ಶಿರಾಡಿ ಘಾಟಿ ಇಳಿದ ಮೇಲೆ ಪೂರ್ತಿ ವೇಗಕ್ಕೆ ಪೆಟ್ರೋಲ್ ಬಿಡುವ ಹೈ ನೀಡಲನ್ನು ಎಡಕ್ಕೆ ಒಂದು ಕೂದಲೆಳೆಯಷ್ಟು ಬಿಚ್ಚಿ, ಆಮೇಲೆ ಎಂಜಿನ್ ಶುರು ಮಾಡಿ.