ಎಡಕ್ಕೆ ಸುತ್ತುವ ನೆಲ

ಕೇಳುಗರಿಗೆಲ್ಲ ನಮಸ್ಕಾರ.

ಚಿಕ್ಕಂದಿನಲ್ಲಿ ಕಾಲಿಗೆ ಗಾಲಿ ಕಟ್ಟಿಕೊಂಡು ಓಡಿದವರು ನಿಮ್ಮಲ್ಲಿ ಎಷ್ಟು ಜನ ಇದ್ದೀರೋ ಗೊತ್ತಿಲ್ಲ. ನಾನು ಓಡಿದ್ದಕ್ಕಿಂತ ಬಿದ್ದದ್ದೇ ಜಾಸ್ತಿ. ನಮ್ಮ ಬಡಾವಣೆಯ ಪಾರ್ಕಿನ ಮೂಲೆಯಲ್ಲಿ ಒಂದು ಸಿಮೆಂಟಿನ ರಿಂಕ್, ಅಂದರೆ ಸ್ಕೇಟಿಂಗ್ ಅಂಗಳ, ಇತ್ತು. ಅದರ ಗುರುತು ಇವತ್ತಿಗೂ ನನ್ನ ಎಡ ಮಂಡಿಯ ಮೇಲಿದೆ. ಸ್ಕೇಟಿಂಗ್ ನೋಡಲು ಬಂದವರು ಸ್ಕೇಟ್ಸ್ ನೋಡುತ್ತಾರೆ. ಬಿದ್ದವನು ನೆಲ ನೋಡುತ್ತಾನೆ. ಹಾಗಾಗಿ ಇವತ್ತು ನಾನು ಮಾತಾಡುವುದು ಒಂದು ನೆಲದ ಬಗ್ಗೆ.

ಆ ನೆಲ ಇದ್ದದ್ದು ನ್ಯೂಯಾರ್ಕ್ ನಗರದ ಬ್ರೂಕ್ಲಿನ್‌ನಲ್ಲಿ, ಎಂಪೈರ್ ಬುಲೆವಾರ್ಡ್ ಅನ್ನುವ ರಸ್ತೆಯಲ್ಲಿ. ಎಂಪೈರ್ ರೋಲರ್‌ಡ್ರೋಮ್ ಅನ್ನುವ ಸ್ಕೇಟಿಂಗ್ ರಿಂಕ್ ಅದು. ಬಾಗಿಲು ತೆರೆದದ್ದು 1941ರಲ್ಲಿ, ಮುಚ್ಚಿದ್ದು 2007ರ ಏಪ್ರಿಲ್‌ನಲ್ಲಿ. ಹೊರಗಿನಿಂದ ನೋಡಿದರೆ ಕಟ್ಟಡದಲ್ಲಿ ಹೇಳಿಕೊಳ್ಳುವಂಥದ್ದು ಏನೂ ಇರಲಿಲ್ಲ. ಅದು ಮೊದಲು ಕಾರು ನಿಲ್ಲಿಸುವ ಗ್ಯಾರೇಜಾಗಿತ್ತು. ಚಂದ ಇದ್ದದ್ದೆಲ್ಲ ಒಳಗೆ, ಅದೂ ಕಾಲ ಕೆಳಗೆ.

ರಸ್ತೆಯ ಬಗ್ಗೆ ಒಂದು ಮಾತು ಹೇಳಿಬಿಡುತ್ತೇನೆ. ಅದರ ಹಳೆಯ ಹೆಸರು ಮ್ಯಾಲ್ಬೋನ್ ಸ್ಟ್ರೀಟ್. 1918ರ ನವೆಂಬರ್ 1ರಂದು ಅಲ್ಲಿ ರೈಲೊಂದು ತಿರುವಿನಲ್ಲಿ ಅತಿ ವೇಗದಿಂದ ಬಂದು ಹಳಿ ತಪ್ಪಿತು. ಸತ್ತವರು ತೊಂಬತ್ತಕ್ಕೂ ಹೆಚ್ಚು ಜನ. ಆ ಹೆಸರು ಕೇಳಿದರೆ ಊರಿನವರಿಗೆ ಎದೆ ಝಲ್ಲೆನ್ನುತ್ತಿತ್ತು. ಹಾಗಾಗಿ ರಸ್ತೆಗೆ ಬೇರೆ ಹೆಸರಿಟ್ಟರು. ತಿರುವಿನಲ್ಲಿ ಆದ ಅನಾಹುತಕ್ಕೆ ಹೆಸರು ಕಳೆದುಕೊಂಡ ರಸ್ತೆಯಲ್ಲೇ ಮುಂದೆ ಜನ ಬರೀ ತಿರುಗಲೆಂದೇ ಬಂದರು ನೋಡಿ.

ತಿರುಗುವುದು ಅಂದೆ. ಗಾಲಿ ಕಟ್ಟಿದ ಕಾಲಿಗೆ ತಿರುಗಲು ಬಂದದ್ದು ಎಷ್ಟೋ ಕಾಲದ ಮೇಲೆ. ಹದಿನೆಂಟನೇ ಶತಮಾನದ ಲಂಡನ್ನಿನಲ್ಲಿ ಜಾನ್ ಜೋಸೆಫ್ ಮೆರ್ಲಿನ್ ಅನ್ನುವ ಯಂತ್ರಗಾರನಿದ್ದ. ಬೆಲ್ಜಿಯಂ ಕಡೆಯವನು. ಒಂದು ಔತಣಕೂಟಕ್ಕೆ ತಾನೇ ಮಾಡಿದ ಗಾಲಿ ಬೂಟು ಹಾಕಿಕೊಂಡು, ಪಿಟೀಲು ಬಾರಿಸುತ್ತಾ ಬಂದನಂತೆ. ಬಂದದ್ದು ಸರಿ. ನಿಲ್ಲಲು ಬರಲಿಲ್ಲ, ತಿರುಗಲೂ ಬರಲಿಲ್ಲ. ಎದುರಿಗಿದ್ದ ದೊಡ್ಡ ಕನ್ನಡಿಗೆ ನೇರ ಹೋಗಿ ಗುದ್ದಿದ. ಕನ್ನಡಿಯ ಬೆಲೆ ಐನೂರು ಪೌಂಡಿಗೂ ಜಾಸ್ತಿ ಎಂದು ಕಥೆ ಹೇಳುತ್ತದೆ. ಪಿಟೀಲೂ ಚೂರು, ಅವನಿಗೂ ಗಾಯ.

ಇದಕ್ಕೆ ಉಪಾಯ ಕಂಡುಹಿಡಿದವನು ನ್ಯೂಯಾರ್ಕಿನ ಜೇಮ್ಸ್ ಪ್ಲಿಂಪ್ಟನ್. 1863ರಲ್ಲಿ ಪೇಟೆಂಟ್ ಪಡೆದ. ಮುಂದೆ ಎರಡು ಗಾಲಿ, ಹಿಂದೆ ಎರಡು ಗಾಲಿ, ನಡುವೆ ರಬ್ಬರಿನ ಮೆತ್ತೆ. ನೀವು ಎಡಕ್ಕೆ ವಾಲಿದರೆ ಮೆತ್ತೆ ಅದುಮಿಕೊಳ್ಳುತ್ತದೆ, ಗಾಲಿಗಳ ಅಚ್ಚುಗಳು ಕೊಂಚ ತಿರುಗುತ್ತವೆ, ಸ್ಕೇಟ್ ತಾನಾಗಿ ಎಡಕ್ಕೆ ಬಾಗಿ ಹೋಗುತ್ತದೆ. ಮೈ ನೆಟ್ಟಗಾದರೆ ಮೆತ್ತೆ ಮತ್ತೆ ಉಬ್ಬಿ ಗಾಲಿ ನೇರವಾಗುತ್ತದೆ. ಇಷ್ಟೇ. ಇವತ್ತಿಗೂ ನಾಲ್ಕು ಗಾಲಿಯ ಸ್ಕೇಟ್ಸ್ ಇದೇ ಲೆಕ್ಕದಲ್ಲಿ ಓಡುತ್ತವೆ. ಪ್ಲಿಂಪ್ಟನ್ ಪೀಠೋಪಕರಣದ ವ್ಯಾಪಾರಿ. ತನ್ನ ಅಂಗಡಿಯ ಕಟ್ಟಡದಲ್ಲೇ ನೆಲ ಹಾಕಿಸಿ ಸ್ಕೇಟಿಂಗ್ ಶುರು ಮಾಡಿದ. 1866ರಲ್ಲಿ ನ್ಯೂಪೋರ್ಟ್ ಎಂಬ ಊರಿನಲ್ಲಿ ಒಂದು ಹೋಟೆಲ್ ಗುತ್ತಿಗೆಗೆ ಹಿಡಿದು, ಅದರ ಊಟದ ಹಾಲನ್ನು ರಿಂಕ್ ಮಾಡಿದ. ಸ್ಕೇಟ್ಸ್ ಮಾರುತ್ತಿರಲಿಲ್ಲ, ಬಾಡಿಗೆಗೆ ಮಾತ್ರ. ಪಕ್ಕಾ ವ್ಯಾಪಾರಿ, ಅಲ್ವಾ? ಕಾಲು ಬಾಗಿ ತಿರುಗಲು ಕಲಿತ ಮೇಲೆಯೇ ನಾಲ್ಕು ಗೋಡೆಯೊಳಗೆ ಸುತ್ತುವ ರಿಂಕ್ ಅನ್ನುವುದಕ್ಕೆ ಅರ್ಥ ಬಂತು. ಈ ಗಾಳಿ ನಮ್ಮ ದೇಶಕ್ಕೂ ಬೀಸಿತು. ಮಸ್ಸೂರಿಯಲ್ಲಿ ಬ್ರಿಟಿಷರ ಕಾಲದ ಒಂದು ರಿಂಕ್ ಬಹಳ ಹೆಸರು ಮಾಡಿತ್ತು.

ಈಗ ನೆಲಕ್ಕೆ ಬರೋಣ.

ಒಳ್ಳೆಯ ರಿಂಕಿಗೆ ಹಾಕುವುದು ಮೇಪಲ್ ಮರದ ಹಲಗೆ. ಗಟ್ಟಿ ಮರ, ಸಣ್ಣ ಎಳೆ, ಸಿಬಿರು ಏಳುವುದು ಕಡಿಮೆ. ಕೆಳಗೆ ರೀಪರ್ ಪಟ್ಟಿ ಹಾಸಿ, ಅದರ ಮೇಲೆ ಹಲಗೆಯ ನಾಲಿಗೆಯಂಥ ಅಂಚನ್ನು ಪಕ್ಕದ ಹಲಗೆಯ ತೋಡಿನೊಳಗೆ ಕೂಡಿಸಿ, ಮೊಳೆಯ ತಲೆ ಕಾಣದ ಹಾಗೆ ಬಡಿಯುತ್ತಾರೆ. ಅಡಿಯಲ್ಲಿ ಟೊಳ್ಳು ಇರುವುದರಿಂದ ನೆಲಕ್ಕೆ ಒಂದಿಷ್ಟು ಪುಟಿತ ಇರುತ್ತದೆ. ಒಳಾಂಗಣದ ಬ್ಯಾಡ್ಮಿಂಟನ್ ಕೋರ್ಟಿನಲ್ಲಿ ಆಡಿದವರಿಗೆ ಆ ಪುಟಿತ ಪರಿಚಯ. ಸಿಮೆಂಟಿನಲ್ಲಿ ಬಿದ್ದವನಿಗೂ ಮರದ ಮೇಲೆ ಬಿದ್ದವನಿಗೂ ವ್ಯತ್ಯಾಸ ಎಷ್ಟು ಅಂತ ನನ್ನ ಮಂಡಿಯನ್ನು ಕೇಳಿ.

ನನಗೆ ಬಹಳ ಹಿಡಿಸಿದ ಸಂಗತಿ ಹಲಗೆ ಜೋಡಿಸುವ ರೀತಿ. ಗಾಲಿ ಮರದ ಎಳೆಯ ಉದ್ದಕ್ಕೆ ಉರುಳಿದರೆ ನುಣ್ಣಗೆ ಹೋಗುತ್ತದೆ. ಹಲಗೆಗಳನ್ನು ಅಡ್ಡ ದಾಟಿದರೆ ಪ್ರತಿ ಸಂದಿಯಲ್ಲೂ ಟಕ್ ಟಕ್ ಅನ್ನುತ್ತದೆ, ಸಂದಿಯ ಅಂಚೂ ಸವೆಯುತ್ತದೆ. ಉದ್ದನೆಯ ಹಾಲಿನ ಎರಡು ಬದಿಯಲ್ಲಿ ತೊಂದರೆ ಇಲ್ಲ, ಹಲಗೆಯನ್ನು ಉದ್ದಕ್ಕೆ ಹಾಸಿದರಾಯಿತು. ತುದಿಗಳಲ್ಲಿ ಏನು ಮಾಡುವುದು? ಜನ ಅಲ್ಲಿ ತಿರುಗುತ್ತಾರೆ, ಮರ ತಿರುಗುವುದಿಲ್ಲವಲ್ಲ. ಅದಕ್ಕೆ ಬಡಗಿಗಳು ಹಲಗೆಗಳನ್ನೇ ತಿರುಗಿಸಿದರು. ತುದಿಯಲ್ಲಿ ಹಲಗೆಗಳನ್ನು ಓರೆಯಾಗಿ ಕೊಯ್ದು, ಬೀಸಣಿಗೆ ಬಿಚ್ಚಿದ ಹಾಗೆ ತುಂಡು ತುಂಡಾಗಿ ಜೋಡಿಸಿ, ಸ್ಕೇಟ್ ಮಾಡುವವರ ಜೊತೆಗೇ ನೆಲವನ್ನೂ ಸುತ್ತಿಸಿಬಿಟ್ಟರು. ಇದಕ್ಕೆ ರೊಟಂಡಾ ನೆಲ ಅನ್ನುತ್ತಾರೆ. ಹೀಗೆ ಜೋಡಿಸಲು ಸಮಯವೂ ಬೇಕು, ಮರವೂ ಜಾಸ್ತಿ ಪೋಲಾಗುತ್ತದೆ. ಖರ್ಚು ನೋಡಿ ಎಲ್ಲ ಹಲಗೆಯನ್ನೂ ಸುಮ್ನೆ ಒಂದೇ ದಿಕ್ಕಿಗೆ ಹಾಸಿದ ರಿಂಕ್‌ಗಳೂ ಬೇಕಾದಷ್ಟಿವೆ.

ಸುತ್ತುವ ದಿಕ್ಕು ಯಾವುದು? ಗಡಿಯಾರದ ಮುಳ್ಳಿಗೆ ವಿರುದ್ಧ. ದೇವಸ್ಥಾನದಲ್ಲಿ ದೇವರನ್ನು ಬಲಕ್ಕಿಟ್ಟುಕೊಂಡು ಸುತ್ತುವ ನಮಗೆ ಇದು ಅಪ್ಪಟ ಅಪ್ರದಕ್ಷಿಣೆ. ರಿಂಕಿನ ನಡುಭಾಗ ಯಾವಾಗಲೂ ಎಡಗಡೆಗೆ. ಆಗೊಮ್ಮೆ ಈಗೊಮ್ಮೆ ಕಾವಲಿನವನು ಸೀಟಿ ಊದಿ ದಿಕ್ಕು ಬದಲಾಯಿಸುತ್ತಾನೆ. ಆಗ ನೋಡಬೇಕು, ಇಷ್ಟು ಹೊತ್ತು ಶೂರರಾಗಿದ್ದವರೆಲ್ಲ ತಡವರಿಸುತ್ತಾರೆ.

ಬಾನುಲಿಯಲ್ಲಿ ಕೂತು ಸದ್ದಿನ ಬಗ್ಗೆ ಹೇಳದಿದ್ದರೆ ಹೇಗೆ? ಹಳೆಯ ಕಾಲದ ಗಾಲಿಗಳು ಮರದವು. ನೂರಾರು ಮರದ ಗಾಲಿ ಮರದ ನೆಲದ ಮೇಲೆ ಉರುಳಿದರೆ ಗುಡುಗಿನ ಸದ್ದು. ಆ ಗುಡುಗಿನ ಮೇಲೂ ಕೇಳಿಸುವ ವಾದ್ಯ ಬೇಕು. ಹಾಗಾಗಿ ಅಮೆರಿಕದ ರಿಂಕ್‌ಗಳಲ್ಲಿ ಆರ್ಗನ್ ಬಂತು. ಎಂಪೈರ್‌ನಲ್ಲೂ ಮೊದಲಿಗೆ ಆರ್ಗನ್ನೇ. ವಾಲ್ಟ್ಜ್ ಎಂಬ ಜೋಡಿ ಕುಣಿತದ ಧಾಟಿ ಬಾರಿಸಿದರೆ ಜೋಡಿಗಳು ಕೈ ಹಿಡಿದು ಅದರ ಲಯಕ್ಕೆ ಜಾರುತ್ತಿದ್ದರು.

1957ರಲ್ಲಿ ಇದು ಬದಲಾಯಿತು. ಎಂಪೈರ್‌ನಿಂದ ಒಂದು ಬೀದಿ ಆಚೆಗೆ ಎಬೆಟ್ಸ್ ಫೀಲ್ಡ್ ಎಂಬ ಬೇಸ್‌ಬಾಲ್ ಮೈದಾನ ಇತ್ತು. ಕಪ್ಪು ಆಟಗಾರರನ್ನು ಹೊರಗಿಟ್ಟಿದ್ದ ದೊಡ್ಡ ಲೀಗಿನ ಬೇಲಿ ಮುರಿದು ಜ್ಯಾಕಿ ರಾಬಿನ್ಸನ್ 1947ರಲ್ಲಿ ಕಣಕ್ಕಿಳಿದದ್ದು ಅಲ್ಲೇ. 1957ರ ಸೆಪ್ಟೆಂಬರ್‌ನಲ್ಲಿ ಬ್ರೂಕ್ಲಿನ್ ಡಾಡ್ಜರ್ಸ್ ತಂಡ ಅಲ್ಲಿ ಕೊನೆಯ ಆಟ ಆಡಿ ಲಾಸ್ ಏಂಜಲೀಸ್‌ಗೆ ಗಂಟುಮೂಟೆ ಕಟ್ಟಿತು. 1960ರಲ್ಲಿ ಮೈದಾನ ಕೆಡವಿದರು. ತಂಡ ಹೋದ ಅದೇ ವರ್ಷ ಎಂಪೈರ್‌ಗೆ ಬಂದವನು ಬಿಲ್ ಬಟ್ಲರ್. ಡೆಟ್ರಾಯಿಟ್‌ನ ಕಪ್ಪು ಹುಡುಗ, ಆಗ ವಾಯುಪಡೆಯಲ್ಲಿದ್ದ. ಆರ್ಗನ್ ಬದಲು ಜಾಜ್ ರೆಕಾರ್ಡ್ ಹಾಕಿಸಿ, ಆ ತಾಳಕ್ಕೆ ಮಂಡಿ ಕುಣಿಸುತ್ತಾ, ಸೊಂಟ ಬಾಗಿಸುತ್ತಾ ಸ್ಕೇಟ್ ಮಾಡಿದ. ಅದಕ್ಕೆ ಅವನಿಟ್ಟ ಹೆಸರು ಜ್ಯಾಮಿಂಗ್. ಮೇಲಿನಿಂದ ನೋಡುವವರಿಗೆ ಅದು ಕುಣಿತ. ನನಗೆ ಕಾಣುವುದು, ಆ ನೆಲದ ಪುಟಿತವನ್ನು ಪೂರ್ತಿ ಬಳಸಿಕೊಂಡ ಜಾಣತನ. ಸಿಮೆಂಟಿನ ಮೇಲೆ ಆ ಮಂಡಿ ಎಷ್ಟು ದಿನ ಬಾಳುತ್ತಿತ್ತು ಹೇಳಿ?

ಆಗಿನ ಅಮೆರಿಕದಲ್ಲಿ ಕಪ್ಪು ಜನರಿಗೆ ರಿಂಕಿನ ಬಾಗಿಲು ಸುಲಭವಾಗಿ ತೆರೆಯುತ್ತಿರಲಿಲ್ಲ ಅನ್ನುವುದನ್ನು ಮರೆಯಬಾರದು. ಎಷ್ಟೋ ಕಡೆ ಪ್ರವೇಶವೇ ಇಲ್ಲ. ಕೆಲವು ಕಡೆ ವಾರಕ್ಕೆ ಒಂದು ರಾತ್ರಿ ಮಾತ್ರ. ಷಿಕಾಗೋದ ವೈಟ್ ಸಿಟಿ ಎಂಬ ರಿಂಕಿನ ಮುಂದೆ 1946ರಲ್ಲಿ ಜನ ಫಲಕ ಹಿಡಿದು ನಿಂತರು. ಜಾಗ ಇದ್ದದ್ದು ಕಪ್ಪು ಜನರ ಬಡಾವಣೆಗಳ ಮಗ್ಗುಲಲ್ಲೇ, ಒಳಗೆ ಮಾತ್ರ ಬಿಡುತ್ತಿರಲಿಲ್ಲ. 1963ರಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಭಾಷಣ ಮಾಡಿದ ವಾಷಿಂಗ್ಟನ್ ಸಭೆಗೆ ಲೆಜರ್ ಸ್ಮಿತ್ ಎಂಬಾತ ಷಿಕಾಗೋದಿಂದ ಸ್ಕೇಟ್ಸ್ ಮೇಲೆಯೇ ಬಂದ. ಸುಮಾರು 685 ಮೈಲಿ, ಹತ್ತು ದಿನ. ನಾವು ಪಾದಯಾತ್ರೆ ಅನ್ನುತ್ತೇವಲ್ಲ, ಇದಕ್ಕೆ ಗಾಲಿಯಾತ್ರೆ ಅನ್ನಬೇಕೇನೋ.

ಅಂಥ ಕಾಲದಲ್ಲಿ ಎಂಪೈರ್ ನಿಧಾನವಾಗಿ ಸುತ್ತಲಿನ ಕಪ್ಪು ಜನರ ಮನೆಯಂಗಳವಾಯಿತು. 1970ರ ದಶಕದಲ್ಲಿ ಗಾಲಿಯೂ ಬದಲಾಯಿತು. ಪಾಲಿಯುರೆಥೇನ್ ಎಂಬ ಹೊಸ ಪ್ಲಾಸ್ಟಿಕ್. ಮರದ ಗಾಲಿಯಂತೆ ಜಾರುವುದಿಲ್ಲ, ಗುಡುಗುವುದೂ ಇಲ್ಲ. ಇದರದೇ ಒಂದು ತಮಾಷೆ ಇದೆ. ವರ್ಜೀನಿಯಾದ ಒಂದು ಕಾರ್ಖಾನೆ ಈ ಗಾಲಿಯನ್ನು ಮಾಡಿದ್ದು ರಿಂಕ್‌ಗಳ ಬಾಡಿಗೆ ಸ್ಕೇಟ್ಸ್‌ಗೆಂದು. ಪಳಗಿದ ಸ್ಕೇಟರ್‌ಗಳು ಹಿಡಿತ ಅತಿಯಾಯಿತು ಎಂದು ಮೂಗು ಮುರಿದರು. ಅಲ್ಲಿ ಬಿದ್ದಿದ್ದ ಗಾಲಿಗಳನ್ನು ಫ್ರ್ಯಾಂಕ್ ನ್ಯಾಸ್ವರ್ದಿ ಎಂಬ ಹುಡುಗ ನೋಡಿ ತನ್ನ ಸ್ಕೇಟ್‌ಬೋರ್ಡಿಗೆ ಹಾಕಿದ. ಸ್ಕೇಟ್‌ಬೋರ್ಡಿನ ನಸೀಬು ಅಲ್ಲಿಂದ ತೆರೆಯಿತು. ರಿಂಕಿನವರು ಆಮೇಲೆ ದಾರಿಗೆ ಬಂದರು.

ಗಾಲಿಯ ಗುಡುಗು ಕಡಿಮೆಯಾದ ಮೇಲೆ ಸ್ಪೀಕರಿನ ಗುಡುಗು ಶುರುವಾಯಿತು. ಡಿಸ್ಕೋ ಕಾಲ. ಎಂಪೈರ್‌ನ ಹೆಸರೂ ಎಂಪೈರ್ ರೋಲರ್ ಡಿಸ್ಕೋ ಆಯಿತು. ಆರ್ಗನ್ ಬಾರಿಸುವವರ ಜಾಗದಲ್ಲಿ ಡಿಜೆ. ಗಾಯಕಿ ಶೇರ್ ಅಂಥವರೂ ಬಂದು ಸ್ಕೇಟ್ ಮಾಡಿ ಹೋದರು. ರೋಲರ್ ಡಿಸ್ಕೋ ಹುಟ್ಟಿದ್ದೇ ಇಲ್ಲಿ ಎಂದು ಬ್ರೂಕ್ಲಿನ್‌ನವರು ಹೇಳುತ್ತಾರೆ. ಡಿಸ್ಕೋ ಜ್ವರ ಇಳಿದ ಮೇಲೂ ಇವರು ಬಿಡಲಿಲ್ಲ. ಹಾಡು ಬದಲಾಯಿತು, ಸುತ್ತು ಬದಲಾಗಲಿಲ್ಲ.

ಹಾಗಿದ್ದ ಮೇಲೆ ಮುಚ್ಚಿದ್ದೇಕೆ? ರಿಂಕ್ ಅನ್ನುವುದು ಲೆಕ್ಕದ ಪುಸ್ತಕಕ್ಕೆ ಒಗ್ಗುವ ವ್ಯಾಪಾರವಲ್ಲ. ಒಂದೇ ಅಂತಸ್ತು, ಆದರೆ ಅಗಾಧ ಜಾಗ. ನಡುವೆ ಗೋಡೆ ಹಾಕುವಂತಿಲ್ಲ, ಸಾಮಾನು ಇಡುವಂತಿಲ್ಲ. ಸೂರು ಸೋರಿದರೆ ಹಲಗೆ ಉಬ್ಬುತ್ತದೆ. ಬಿದ್ದವರ ವಿಮೆ ಬೇರೆ. ಇಷ್ಟೆಲ್ಲ ಆಗಿ ಬರುವುದು ಟಿಕೆಟ್ಟಿನ ಚಿಲ್ಲರೆ. ಊರಿನ ಜಾಗದ ಬೆಲೆ ಏರುತ್ತಾ ಹೋದ ಹಾಗೆ ಅಮೆರಿಕದಲ್ಲಿ ಒಂದೊಂದೇ ರಿಂಕ್ ಬಾಗಿಲು ಹಾಕಿತು. 2007ರಲ್ಲಿ ಎಂಪೈರ್ ಸರದಿ. ಕೊನೆಯ ದಿನಗಳಲ್ಲಿ ಹಳಬರೆಲ್ಲ ಬಂದು ಸುತ್ತಿದರು.

ಆಮೇಲೆ ಆ ಕಟ್ಟಡ ಗೋದಾಮಾಯಿತು. ಮನೆಯಲ್ಲಿ ಹಿಡಿಸದ ಸಾಮಾನನ್ನು ತಿಂಗಳ ಬಾಡಿಗೆಗೆ ಇಟ್ಟು ಬೀಗ ಹಾಕಿ ಹೋಗುವ ಸಣ್ಣ ಸಣ್ಣ ಕೋಣೆಗಳು. ಒಂದೂ ಗೋಡೆ ಇರಬಾರದಿದ್ದ ಜಾಗದಲ್ಲಿ ಈಗ ಬರೀ ಗೋಡೆ.

ಸ್ಕೇಟ್ ಮಾಡುವವರು ಸುಮ್ಮನಿರಲಿಲ್ಲ. ಕೆಲವರು ಸೆಂಟ್ರಲ್ ಪಾರ್ಕಿನ ಡಾಂಬರು ಹಾಸಿನ ಮೇಲೆ ಹಾಡು ಹಾಕಿಕೊಂಡು ಸುತ್ತುವ ಗುಂಪಿಗೆ ಸೇರಿದರು. ಕೆಲವರು ನದಿ ದಾಟಿ ನ್ಯೂಜೆರ್ಸಿಗೆ ಹೋದರು. 2013ರ ಕೊನೆಗೆ ಎಂಪೈರ್ ಬುಲೆವಾರ್ಡಿನ ತುದಿಯಲ್ಲಿರುವ ಪ್ರಾಸ್ಪೆಕ್ಟ್ ಪಾರ್ಕಿನಲ್ಲಿ ಲೆಫ್ರ್ಯಾಕ್ ಸೆಂಟರ್ ತೆರೆಯಿತು. ಚಳಿಗಾಲದಲ್ಲಿ ಅಲ್ಲಿ ಐಸ್ ಸ್ಕೇಟಿಂಗ್, ಬೇಸಿಗೆಯಲ್ಲಿ ಗಾಲಿ. ನೆಲ ಮಾತ್ರ ಮೇಪಲ್ ಅಲ್ಲ. ಮರದ ನೆಲಕ್ಕೆ ಗಟ್ಟಿ ಗಾಲಿ ಬೇಕು, ಒರಟು ನೆಲಕ್ಕೆ ಮೆತ್ತನೆಯದು. ಹಾಗಾಗಿ ಎಂಪೈರ್‌ನ ಹಳಬರು ಹೊರಗೆ ಹೊರಟರೆ ಮೊದಲು ಸ್ಪ್ಯಾನರ್ ಹಿಡಿದು ಕೂರಬೇಕು. ಎರಡು ಕಾಲಿಗೆ ಎಂಟು ಗಾಲಿ, ಎಂಟು ನಟ್ಟು. ಎಂಟನ್ನೂ ಬಿಚ್ಚಿ, ಮೆತ್ತನೆಯ ಗಾಲಿ ಹಾಕಿ ಬಿಗಿದು, ಒಂದು ಸಲ ಬೆರಳಿನಿಂದ ಗಿರ್ ಅನ್ನಿಸಿ ನೋಡಿ, ಆಮೇಲೆ ಎಡಕ್ಕೆ.

ನಮಸ್ಕಾರ.